ಮೂರನೇ ನೊರೆ

...ಅಲ್ಲಾಡಬೇಡಪ್ಪ! ಗದ್ದದ ಕೆಳಗೆ ಕತ್ತಿ ಇದೆ. ಕತ್ತಿ ಗಂಟಲ ಮೇಲಿದ್ದಾಗ ಗಿರಾಕಿ ಬಾಯಿ ಬಿಡಬಾರದು, ಇದೇ ಕ್ಷೌರದಂಗಡೀಲಿ ನೀನೇ ಕಲಿಸಿದ್ದು. ಅದಕ್ಕೇ ಈಗ ಹೇಳ್ತಿದೀನಿ. ಬೇರೆ ಹೊತ್ತಲ್ಲಿ ಮಾತು ತೆಗೆದ್ರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡ್ತೀಯ.

ಹಾಂ, ಏನು ಹೇಳ್ತಿದ್ದೆ? ಸೋಮವಾರ. ಸೋಮವಾರ ಆಪರೇಷನ್ ಅಪ್ಪ. ಎದೆದು... ಮುಖ ಯಾಕೆ ಹಾಗೆ ಸಿಂಡರಿಸ್ತೀಯ? ನೊರೆ ಮೂಗಿಗೆ ಹೋಯ್ತಾ? ತಡಿ, ಒರೆಸ್ತೀನಿ.

ನಿನ್ನ ಮನೇಲಿ ನಾನು ಹುಡುಗಿ ಅಂತ ಹುಟ್ಟಿದೆ. ಹುಡುಗಿ ಆಗಿರಲಿಲ್ಲ, ಅಷ್ಟೇ. ಅದು ನಿಂಗೂ ಗೊತ್ತು. ನಿನ್ನ ಕೈ ನಡುಗೋಕೆ ಶುರುವಾದ ಮೇಲೆ ಈ ಕತ್ತೀನ ಅಳಿಯಂಗೆ ಕೊಡ್ಲಿಲ್ಲ, ನಂಗೆ ಕೊಟ್ಟೆ. ಯಾಕೆ ಕೊಟ್ಟೆ? ಆಯ್ತು, ಹೇಳಬೇಡ.

ಈ ಊರಲ್ಲಿ ನಾನು ತಟ್ಟದ ಬಾಗಿಲಿಲ್ಲ. ದೊಡ್ಡಾಸ್ಪತ್ರೆ ಡಾಕ್ಟ್ರು ಮದುವೆ ಮಾಡ್ಕೋ, ಎಲ್ಲ ಸರಿಹೋಗುತ್ತೆ ಅಂದ್ರು. ಇನ್ನೊಬ್ರು ನಿದ್ದೆ ಮಾತ್ರೆ ಬರೆದ್ರು. ನಿದ್ದೆ ಬರ್ತಿತ್ತಪ್ಪ ನಂಗೆ! ಎದ್ದ ಮೇಲೇ ಕಷ್ಟ. ರಕ್ತ ಪರೀಕ್ಷೆಗೆ ಹೋದ್ರೆ ಲ್ಯಾಬಿನವನು ಬೀದಿಗೆಲ್ಲ ಡಂಗುರ ಹೊಡೆದ. ಕೊನೆಗೂ ಒಬ್ರು ಸಿಕ್ಕಿದ್ರು... ಎಲ್ಲಿ? ಎರಡು ಬಸ್ಸು, ಆಮೇಲೆ ರೈಲು! ಅವರೊಬ್ರೇ 'ಕೂತ್ಕೊಳ್ಳಪ್ಪಾ' ಅಂದಿದ್ದು. ಅಷ್ಟಕ್ಕೇ ಅಳು ಬಂದುಬಿಡ್ತು. ನನ್ನ ಗದ್ದದ ಈ ನಾಲ್ಕು ಕೂದಲು ಅವರ ಇಂಜೆಕ್ಷನ್ನಿಂದಲೇ. ನೀನು ನೋಡಿಯೂ ನೋಡದ ಹಾಗೆ ಇದ್ದೀಯ... ಯಾಕೆ ನಗ್ತೀಯ? ನಗ್ತಿಲ್ವಾ? ಮತ್ತೆ ಭುಜ ಯಾಕೆ ಅಲ್ಲಾಡ್ತಿದೆ?

ಆವತ್ತು ಹೆಡ್ಮೇಷ್ಟ್ರ ಕಿವಿ ಹತ್ರ ಕತ್ತಿ ಹಿಡ್ಕೊಂಡೇ ಬಿದ್ದೆನಲ್ಲ, ಸೆಕೆ ಅಂದೆ. ಸೆಕೆ ಅಲ್ಲಪ್ಪ. ಎದೆಗೆ ಬಟ್ಟೆ ಬಿಗಿದು ಕಟ್ತೀನಿ, ಉಸಿರೇ ಆಡಲ್ಲ. ಬಿಚ್ಚಿದ್ರೆ ಅಂಗಡಿಗೆ ಬರೋಕಾಗಲ್ಲ, ಕಟ್ಟಿದ್ರೆ ನಿಲ್ಲೋಕಾಗಲ್ಲ. ಹೀಗೇ ಆದ್ರೆ ಒಂದಿನ ಯಾರದಾದ್ರೂ ಗಂಟಲು ಕುಯ್ದುಬಿಡ್ತೀನಿ. ಇಲ್ಲಾ ನಂದೇ... ಇಲ್ಲ, ಇಲ್ಲ, ಹಾಗಲ್ಲ ನಾನಂದಿದ್ದು! ಕೈ ಬಿಡು. ಬಿಡಪ್ಪ, ಕತ್ತಿ ಇದೆ ಕೈಲಿ.

ನೀನು ಮಾಡಬೇಕಾದ್ದು ಏನೂ ಇಲ್ಲ. ಜೊತೆಗೆ ಬಾ. ಬೆಂಚಿನ ಮೇಲೆ ಸುಮ್ಮನೆ ಕೂತಿರು. ಮನೆಯವರೊಬ್ರು ಇರ್ಲೇಬೇಕಂತೆ, ಇಲ್ಲದಿದ್ರೆ ಒಳಗೇ ಬಿಡಲ್ವಂತೆ. ಆಸ್ಪತ್ರೆ ರೂಲ್ಸು! ನಾನೇನು ಮಾಡ್ಲಿ? ಅಕ್ಕ ಬರ್ತಿದ್ಲು, ಅವಳಿಗೆ ಮಡಿಲಲ್ಲಿ ಕೂಸು. ನೀನೇ ಬರಬೇಕು. ಈ ಸಲ ತಪ್ಪಿದ್ರೆ ಮತ್ತೆ ಯಾವಾಗ ಕರೀತಾರೋ... ಕರೀತಾರೋ ಇಲ್ವೋ.

ಕೆನ್ನೆ ಯಾಕೆ ಮುಟ್ಟಿ ನೋಡ್ಕೋತೀಯ? ಹೌದು, ಎರಡು ಸಲ ಆಯ್ತು. ಇದು ಮೂರನೇ ನೊರೆ. ಕೆರೆಯೋಕೆ ಒಂದು ಕೂದಲೂ ಇಲ್ಲ, ಗೊತ್ತು. ನೊರೆ ಒರೆಸಿದ ತಕ್ಷಣ ಎದ್ದು ಹೋಗ್ತೀಯ ಅಂತ...

ಸರಿ. ಒರೆಸಿದೆ. ಕತ್ತೀನೂ ಮಡಚಿಟ್ಟೆ. ಈಗ ಮಾತಾಡು. ಬೈಯಿ ಬೇಕಾದ್ರೆ.

ಅಪ್ಪಾ?

ಕನ್ನಡೀಲಿ ಹಾಗೆ ನೋಡಬೇಡ. ಸುಳ್ಳು ಹೇಳೋ ಗಿರಾಕಿನ ನೋಡ್ತಿದ್ದೆಯಲ್ಲ, ಹಾಗೇ ನೋಡ್ತಿದೀಯ ನನ್ನ... ಏನಾದ್ರೂ ಅನ್ನಪ್ಪ!

ಆಯ್ತು. ಯಾರನ್ನೂ ಕರ್ಕೊಂಡು ಬಾ ಅಂದಿಲ್ಲ ಅವರು. ಒಬ್ಬನೇ ಬಂದ್ರೂ ಸರಿ, ನಾವೇ ನೋಡ್ಕೋತೀವಿ ಅಂದ್ರು. ರೂಲ್ಸು ಗೀಲ್ಸು ಎಲ್ಲ ನಾನೇ ಕಟ್ಟಿದ ಕತೆ. ಭಯ ಅಪ್ಪ. ತುಂಬಾ ಭಯ. ಕಣ್ಣು ಬಿಟ್ಟಾಗ ಆ ಕೋಣೇಲಿ ನಮ್ಮವರದು ಅಂತ ಒಂದು ಮುಖ ಇರಲಿ ಅಂತ... ನಿನ್ನ ಮುಖ.

ಎದ್ಯಾ? ಹೋಗು. ಹೋಗು, ಪರವಾಗಿಲ್ಲ... ಬ್ರಷ್ ಯಾಕೆ ತಗೊಂಡೆ? ಕೊಡಿಲ್ಲಿ, ಕೈ ನಡುಗ್ತಿದೆ ನಿಂದು. ಅಪ್ಪಾ, ನೊರೆ ನನ್ನ ಕೆನ್ನೆಗ್ಯಾಕೆ? ನಾಲ್ಕೇ ಕೂದಲು ಅಪ್ಪ, ಅದಕ್ಕೆ ಯಾರಾದ್ರೂ... ನಾನು ಕೂತ್ಕೊಳ್ಲಾ? ನಿನ್ನ ಕುರ್ಚೀಲಾ?

ಆಯ್ತು. ಆಯ್ತಪ್ಪ, ಗದ್ದ ಎತ್ತಿದೀನಿ. ಅಲ್ಲಾಡಲ್ಲ. ಮಾತೂ ಆಡಲ್ಲ.