ಟ್ಯಾಂಕಿನ ಹಿಂದೆ ಬಂದ ಅಡುಗೆ ಲಾರಿ

“ಟ್ಯಾಂಕಿನ ಸದ್ದು ಕೇಳಿದ್ರೆ ಸಾಕು, ಒಳಗಿರೋನು ಬೆಳಿಗ್ಗೆ ಏನು ತಿಂದಿದಾನೆ ಅಂತ ಹೇಳ್ಬಿಡ್ತೀನಿ!”

ಮಾರೇನಹಳ್ಳಿಯ ಬಸ್ ಸ್ಟಾಪಿನಲ್ಲಿ ಮಾಜಿ ಸೈನಿಕ ಚನ್ನಕೇಶವ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನಿಗೆ ಧೈರ್ಯ ತುಂಬುತ್ತಿದ್ದ. ಆಕೆಯ ಮಗಳು ಜಾರ್ಜಿಯಾದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಆ ಪುಟ್ಟ ದೇಶಕ್ಕೆ ಆ ವಾರ ರಷ್ಯಾದ ಸೈನ್ಯ ನುಗ್ಗಿತ್ತು.

“ಸುಮ್ನೆ ಹೆದರಿಸಿ ವಾಪಸ್ ಹೋಗ್ತಾರೆ ಅಕ್ಕ, ಬರ್ದಿಟ್ಕೊಳ್ಳಿ.”

“ನೀವು ಟ್ಯಾಂಕ್ ಓಡಿಸ್ತಿದ್ರಾ?”

“ಓಡಿಸೋದಾ? ಒಂದೇ ಕೈಲಿ ಎತ್ತಿಡ್ತಿದ್ದೆ!”

“ಮಿಲಿಟ್ರೀಲಿ ಅಡುಗೆ ಮಾಡ್ತಿದ್ರು ಅಂತ ನಿಮ್ ಹೆಂಡ್ತಿ ಅಂದ್ರಲ್ಲ?”

ಅವನ ದನಿ ಇಳಿಯಿತು. “ಹೂಂ ಅಕ್ಕ. ಚಪಾತಿ ಬೇಯಿಸ್ತಿದ್ದೆ, ಅಷ್ಟೇ.”

“ಹಂಗಾದ್ರೆ ಅದನ್ನೇ ಹೇಳಿ. ಟಿವೀಲಿ ಟ್ಯಾಂಕ್ ಹಿಂದೆ ಅಡುಗೆ ಲಾರೀನೂ ಬಂತು. ಬೇಗ ವಾಪಸ್ ಹೋಗೋರು ಒಲೆ ತರ್ತಾರಾ?”

ಚನ್ನಕೇಶವ ರಸ್ತೆಯತ್ತ ಮುಖ ತಿರುಗಿಸಿದ.

“ಇಲ್ಲ ಅಕ್ಕ. ಬೇಗ ವಾಪಸ್ ಬರೋರಿಗೆ ನಾವು ಊಟದ ಪೊಟ್ಟಣ ಕಟ್ಟಿ ಕೊಡ್ತಿದ್ವಿ.”

ಬಸ್ ಬಂತು. ಇಬ್ಬರೂ ಹತ್ತಿದರು.