ಗುರುವಾರದ ಮಾರನೇ ದಿನ

"ಹಲೋ… ಹಲೋ, ಯಾರು ಮಾತಾಡೋದು?…"

"ಅಲ್ಲಮ್ಮಾ, ಜೈನಾಗುಲ್ ಅಲ್ಲ. ಅವರು ಪಕ್ಕದ ಮನೆ ಟೀಚರು. ಫೋನ್ ಅವರದ್ದು, ದೂರು ಬರೆದು ಕಳಿಸಿದ್ದೂ ಅವರೇ. ಪೊಟ್ಟಣ ನಮ್ಮ ಮನೇದು. ನೀನ್ಯಾರು?…"

"ಹಾಂ, ಆನ್‌ಲೈನ್ ಅಂಗಡಿಯವಳಾ. ಬಿಷ್ಕೆಕ್‌ನಿಂದಾ. ಗ್ರಾಹಕರ… ಏನಂದೆ? ಗ್ರಾಹಕರ ಹಕ್ಕಿನ ವಿಭಾಗ. ಹೂಂ, ಒಳ್ಳೇದಾಯ್ತು. ಮೂರು ದಿನದಿಂದ ನಾವೇ ಫೋನ್ ಮಾಡ್ತಾ ಇದ್ವಿ. ನೀವು ಹಾಡು ಹಾಕಿ ಎದ್ದು ಹೋಗಿಬಿಡ್ತಿದ್ರಿ. ಇದು ಸಾವಿನ ಮನೆ, ಹಾಡು ಕೇಳೋ ಹಾಗಿಲ್ಲ. ಫೋನನ್ನ ದಿಂಬಿನ ಕೆಳಗಿಟ್ಟು ಕಾಯ್ತಿದ್ದೆ…"

ಅವಳ ಎರಡೂ ಕೈ ಹಿಟ್ಟಾಗಿತ್ತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಿಂತಿದ್ದಳು. ಅಂದು ಗುರುವಾರ. ಗುರುವಾರ ಮನೆಯಲ್ಲಿ ಹಿಟ್ಟಿನ ಬೋರ್ಸೋಕ್ ಕರಿಯಬೇಕು. ಎಣ್ಣೆಯ ವಾಸನೆ ಬರದಿದ್ದರೆ ಸತ್ತವರು ಬಾಗಿಲವರೆಗೆ ಬಂದು ಹಸಿದುಕೊಂಡು ಹಿಂದಿರುಗುತ್ತಾರೆ ಎಂದು ಕೊಚ್ಕೋರ್ ಊರಿನ ಹೆಂಗಸರು ನಂಬುತ್ತಾರೆ. ಗಂಡ ಹೋದ ಮೇಲೆ ಇದು ನಾಲ್ಕನೆಯ ಗುರುವಾರ. ಮೂರನೆಯ ದಿನದ ನಂತರ ಅವಳು ಅತ್ತಿರಲಿಲ್ಲ. ದುಃಖ ಎಲ್ಲಿದೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮೈಯೆಲ್ಲ ಮರಗಟ್ಟಿತ್ತು, ಅಷ್ಟೆ.

"ಹೇಳ್ತೀನಿ, ತಾಳು. ನಮ್ಮ ಮನೆಯವರು ನಿಮ್ಮಲ್ಲಿ ಏನೋ ತರಿಸಿದ್ದಾರೆ. ಅದು ಬಂದು ಇಲ್ಲೇ ಔಷಧಿ ಅಂಗಡಿ ಪಕ್ಕದ ಕೋಣೇಲಿ ಕೂತಿದೆ. ಅಲ್ಲಿ ಪೊಟ್ಟಣ ಕೊಡೋಳು ಐಚೂರೋಕ್, ನನ್ನ ಕಣ್ಣೆದುರೇ ಬೆಳೆದವಳು. ಆದ್ರೂ ಕೋಡ್ ಹೇಳಿದ್ರೇನೇ ಕೊಡೋದು ಅಂತಾಳೆ. ಕೋಡ್ ಬಂದಿರೋದು ಅವರ ಫೋನಿಗೆ…"

"ಅವರಾ?… ಅವರಿಲ್ಲ…"

"ಇಲ್ಲ ಅಂದ್ರೆ, ಸಂಜೆ ಬರ್ತಾರೆ ಅಂತಲ್ಲ ಮಗಳೇ. ಮಣ್ಣು ಮಾಡಿ ಇಪ್ಪತ್ತಾರು ದಿನ ಆಯ್ತು…"

"ಹೂಂ. ಆಮೀನ್. ನಿಮ್ಮ ಮನೆಗೆ ಇಂಥದ್ದು ಬರದೇ ಇರ್ಲಿ. ಮುಂದೆ ಕೇಳು…"

"ಫೋನಾ? ಫೋನ್ ಬೆಟ್ಟದ ಮೇಲೆ, ಸೋಂಕೋಲ್ ಹುಲ್ಲುಗಾವಲಲ್ಲಿದೆ…"

"ಹೇಗೆ ಅಂದ್ರೆ, ನಿಮ್ಮ ಪಟ್ಟಣದಲ್ಲಿ ಈಗ ಮಾಡ್ತಾರೋ ಇಲ್ವೋ. ಮೈ ತೊಳೆದವರಿಗೆ ಸತ್ತವರ ಬಟ್ಟೆ ಕೊಡಬೇಕಲ್ವಾ. ಐದು ಜನ ತೊಳೆದ್ರು. ಒಬ್ಬರಿಗೆ ಟೋಪಿ, ಒಬ್ಬರಿಗೆ ಬೂಟು, ಹಾಗೇ. ಕೋಟು ಸಾಪಾರ್‌ಬಾಯ್‌ಗೆ ಹೋಯ್ತು. ಫೋನು ಅದರ ಒಳಜೇಬಲ್ಲಿತ್ತು. ಆವತ್ತು ಜೇಬು ತಡಕಿ ನೋಡೋ ಮನಸ್ಸು ಯಾರಿಗಿರುತ್ತೆ ಹೇಳು. ಮಾರನೇ ದಿನವೇ ಅವನು ಕುರಿ ಹೊಡ್ಕೊಂಡು ಮೇಲಕ್ಕೆ ಹೋದ. ಅಲ್ಲಿ ಸಿಗ್ನಲ್ಲೂ ಇಲ್ಲ ಏನಿಲ್ಲ…"

"ವಾಪಸ್ ಕೇಳೋದಾ? ಸತ್ತವರ ಹೆಸರಲ್ಲಿ ಕೊಟ್ಟಿದ್ದನ್ನ? ಉಗುಳಿದ್ದನ್ನ ನೆಕ್ಕಿದ ಹಾಗಾಗುತ್ತೆ. ನಿಮ್ಮ ಕಾನೂನಲ್ಲಿ ಹದಿನಾಲ್ಕು ದಿನದೊಳಗೆ ವಾಪಸ್ ಮಾಡಬಹುದಂತಲ್ಲ, ಟೀಚರ್ ಹೇಳಿದ್ರು. ನಮ್ಮಲ್ಲಿ ಹದಿನಾಲ್ಕು ವರ್ಷ ಆದ್ರೂ ಆಗಲ್ಲ…"

ಅವಳು ಹಿಟ್ಟಿನ ಹಾಳೆಯನ್ನು ಚೌಕ ಚೌಕವಾಗಿ ಕತ್ತರಿಸಿ ಬಾಣಲೆಗೆ ಬಿಟ್ಟಳು. ಎಣ್ಣೆ ಸದ್ದು ಮಾಡಿತು. ಆಚೆಯ ದನಿ ತೆಳ್ಳಗಿತ್ತು, ಮರ್ಯಾದೆಯ ದನಿ. ಓದಿ ಹೇಳುತ್ತಿದ್ದಾಳೋ ನೆನಪಿನಿಂದ ಹೇಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

"ಹೂಂ… ಹೂಂ… ಇನ್ನೊಂದ್ಸಲ ಹೇಳು, ಎಣ್ಣೆ ಸದ್ದು. ಕೊಂಡವರ ವಿಷಯ ಬೇರೆಯವರಿಗೆ ಹೇಳೋ ಹಾಗಿಲ್ಲ. ಸರಿ. ಹೆಂಡತಿಗೂನಾ?… ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಗೂ?…"

"ಅವರು ಒಪ್ಪಿಕೊಂಡಿದ್ದಾರಾ? ಯಾವಾಗ?… ಬೆರಳಲ್ಲಿ ಒತ್ತಿದ್ರೆ ಸಹಿ ಹಾಕಿದ ಹಾಗೇನಾ? ಕಾಗದ ಬೇಡ, ಸಾಕ್ಷಿ ಬೇಡ?… ನೋಡು ಮತ್ತೆ. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಮಾತಿಗೂ ಅವರು ಒಪ್ಪಿದ್ದಿಲ್ಲ. ನಿಮಗೆ ಒಂದು ಬೆರಳಲ್ಲಿ ಒಪ್ಪಿಬಿಟ್ರು…"

"ನಗು, ನಗು. ಪರವಾಗಿಲ್ಲ. ನನಗೆ ಬರ್ತಾ ಇಲ್ಲ ಅಷ್ಟೆ…"

"ವಾರಸುದಾರರ ಕಾಗದಾನಾ. ನೋಟರಿ ಹತ್ರ ಹೋಗಿ ಬಂದೆ. ಆರು ತಿಂಗಳು ಕಾಯಬೇಕಂತೆ. ಪೊಟ್ಟಣ ಯಾವತ್ತು ವಾಪಸ್ ಹೊರಡುತ್ತೆ?… ಹಾಂ, ನಾಳೆ. ಗುರುವಾರದ ಮಾರನೇ ದಿನ…"

"ಅದೇ, ನೀನು ಹೇಳಿದ ದಿನವೇ. ನಾನು ಅದರ ಹೆಸರೆತ್ತಲ್ಲ, ಅಷ್ಟೆ…"

ಮಾವನ ಹೆಸರಿನ ಮೊದಲಲ್ಲೇ ಜುಮಾ ಇತ್ತು, ಎಂದರೆ ಶುಕ್ರವಾರ. ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಹಾಗಾಗಿ ಇಪ್ಪತ್ತರ ವಯಸ್ಸಿಗೆ ಈ ಮನೆ ಹೊಕ್ಕ ದಿನದಿಂದ ಅವಳ ವಾರದಲ್ಲಿ ಶುಕ್ರವಾರವೇ ಇರಲಿಲ್ಲ. ಗಂಡನ ಹೆಸರಿನಲ್ಲಿ ಕೊಡಲಿ ಎಂಬ ಅರ್ಥದ ಮಾತಿತ್ತು. ಕೊಡಲಿಗೆ ಅವಳು 'ಸೀಳೋದು' ಎನ್ನುತ್ತಿದ್ದಳು. ಈಗಿನ ಸೊಸೆಯರು ಇದನ್ನೆಲ್ಲ ಕೇಳಿ ನಗುತ್ತಾರೆ, ನಗಲಿ. ಅವನೂ ಅವಳ ಹೆಸರು ಹಿಡಿದು ಕರೆದವನಲ್ಲ. ಮಕ್ಕಳಾಗಿದ್ದರೆ ಇಂಥವನ ತಾಯಿ ಎಂದು ಕರೆಯುತ್ತಿದ್ದನೇನೋ. ಆಗಲಿಲ್ಲ. ಅಂಗಳದಿಂದಲೋ ಕುರಿ ದೊಡ್ಡಿಯಿಂದಲೋ 'ಕೇಳಿಸ್ತಾ?' ಎನ್ನುತ್ತಿದ್ದ. ಅದು ತನ್ನನ್ನೇ ಎಂದು ಅವಳು ಕೈಲಿದ್ದ ಕೆಲಸ ಬಿಟ್ಟು ಹೋಗುತ್ತಿದ್ದಳು.

"ದುಡ್ಡಾ?… ಹೂಂ, ದುಡ್ಡು ಅವರ ಖಾತೆಗೆ ವಾಪಸ್ ಬರುತ್ತೆ. ಟೀಚರೂ ಅದನ್ನೇ ಹೇಳಿದ್ರು, ಕಾನೂನು ಕೊಂಡವರ ಕಡೆಗಿದೆ, ಹೆದರಬೇಡ ಅಂತ. ಕೊಂಡವರೇ ಇಲ್ಲವಲ್ಲ. ಈಗ ಅದು ಯಾರ ಕಡೆ ನಿಲ್ಲುತ್ತೆ?… ನಾನು ದುಡ್ಡು ಕೇಳಿದ್ನಾ ಮಗಳೇ?…"

"ಒಳಗೇನಿದೆ ಅಂತ ನನಗೇನು ಗೊತ್ತು. ಮೀನು ಹಿಡಿಯೋ ಗಾಳವೋ, ಟ್ರ್ಯಾಕ್ಟರ್ ಬೆಲ್ಟೋ. ಮೇಲೆ ಬರೀ ಅಂಕಿಗಳು, ಸುತ್ತ ಕಪ್ಪು ಪ್ಲಾಸ್ಟಿಕ್ಕು. ಇಷ್ಟೇ ಇಷ್ಟು ಇದೆ. ಏನಾದ್ರೂ ಇರ್ಲಿ…"

"ಯಾಕೆ ಅಂದ್ರೆ… ಯಾಕೆ ಅಂತ ಹೇಳಲಿ. ಬಟ್ಟೆ ಹೋಯ್ತು. ಕುದುರೆ ಕೊಯ್ದಾಯ್ತು, ನೆಂಟರು ಉಂಡು ಹೋದ್ರು. ಕುದುರೆ ಜೀನು ಅವರ ತಮ್ಮ ತಗೊಂಡು ಹೋದ. ಒಂದೊಂದೇ ಹೊರಗೆ ಹೋಗ್ತಾ ಇದೆ, ನಾನು ಬಾಗಿಲು ಹಿಡ್ಕೊಂಡು ನಿಂತಿದೀನಿ. ಅವರದ್ದು ಅಂತ ಒಳಗೆ ಬರ್ತಾ ಇರೋದು ಅದೊಂದೇ…"

ಆಚೆ ಕಡೆಯಿಂದ ಬೆರಳುಗಳು ಕೀಲಿಮಣೆ ಒತ್ತುವ ಸದ್ದು ಬರುತ್ತಿತ್ತು. ಹುಡುಗಿ ಒಳ್ಳೆಯವಳಿರಬೇಕು. ನಿಯಮದ ಬೇಲಿಯಲ್ಲಿ ಎಲ್ಲಾದರೂ ಒಂದು ಕಂಡಿ ಇದೆಯೇ ಎಂದು ಹುಡುಕುತ್ತಿದ್ದಳೆಂದು ಕಾಣುತ್ತದೆ.

"ಹಲೋ… ಇದೀಯಾ?… ಹಾಂ. ದಾರಿ ಇದೆಯಾ? ಮೂರು ಪ್ರಶ್ನೆನಾ. ಮನೆಯವರೇ ಅಂತ ಖಾತ್ರಿ ಆದ್ರೆ ನಿನ್ನ ಮೇಲಿನವರು ಬೇರೆ ಕೋಡ್ ಕೊಡಬಹುದು. ಹೂಂ, ಕೇಳು…"

"ಆರ್ಡರ್ ನಂಬರ್ ಇದೆ, ಚೀಟಿ ಇದೆ. ಅವರೇ ಬರೆದದ್ದು. ಬಂತಾ ಬಂತಾ ಅಂತ ಎರಡು ಸಲ ಹೋಗಿ ಕೇಳಿದ್ರಂತೆ, ಐಚೂರೋಕ್ ಹೇಳಿದ್ಲು. ನನಗೆ ಹೇಳಿದ್ದಿಲ್ಲ. ನಾಲ್ಕು… ಸೊನ್ನೆ… ಏಳು, ಏಳು… ಒಂದು… ಇದು ಒಂಬತ್ತೋ ಏನೋ, ಅವರ ಒಂಬತ್ತೇ ಹಾಗೆ… ಹೂಂ, ಒಂಬತ್ತೇ…"

"ಹುಟ್ಟಿದ್ದು ಅರವತ್ನಾಲ್ಕು. ಮಾರ್ಚ್ ಒಂಬತ್ತು… ಸರಿನಾ. ಮೂರನೇದು?…"

"ಹೆಸರಾ."

ಬಾಣಲೆಯ ಬೋರ್ಸೋಕ್‌ಗಳು ಕೆಂಪಾಗಿದ್ದವು. ಅವಳು ಅವನ್ನು ತೆಗೆಯಲಿಲ್ಲ.

"ನಿನಗೆ ಕಾಣಿಸ್ತಾ ಇದೆಯಲ್ಲ. ನೀನೇ ಓದು, ನಾನು ಹೂಂ ಅಂತೀನಿ…"

"ಆಗಲ್ವಾ… ಟೀಚರ್ ಸ್ಕೂಲಿಗೆ ಹೋಗಿದ್ದಾರೆ, ಮೂರು ಗಂಟೆಗೆ ಬರ್ತಾರೆ. ಅವರು ಹೇಳಿದ್ರೆ?… ಮನೆಯವರೇ ಹೇಳಬೇಕು. ಹೂಂ…"

"ಮರೆತಿಲ್ಲ. ಗಂಡನ ಹೆಸರು ಮರೀತಾರಾ. ನೀನು ಯಾವ ಕಡೆಯವಳು, ತಲಾಸ್‌ನವಳಾ? ನಿಮ್ಮ ಅಜ್ಜಿ ಹೇಳ್ತಿದ್ರಾ, ನಿಮ್ಮ ತಾತನ ಹೆಸರು?… ನೋಡು. ನಿನಗೇ ಗೊತ್ತು…"

"ಹೀಗೆ ಮಾಡೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಮನೇಲಿ ಸೌದೆ ಸೀಳ್ತಾರಲ್ಲ, ಮರದ ಹಿಡಿ, ಕಬ್ಬಿಣದ ಬಾಯಿ, ಆ ಸಾಮಾನು. ಅದಕ್ಕೆ ಕೊನೇಲಿ ಬಾಯ್ ಅಂತ ಸೇರಿಸು. ಮನೆತನದ ಹೆಸರಿಗೆ, ನಾಳೆ ಯಾವ ದಿನ ಅಂದೆಯಲ್ಲ, ಅಲ್ಲಿಂದ ಶುರು ಮಾಡು… ಗೊತ್ತಾಯ್ತಾ?…"

"ಗೊತ್ತಾದ್ರೂ ಸಾಲದಾ?… ಮಾತು ರೆಕಾರ್ಡ್ ಆಗುತ್ತೆ, ಅದರಲ್ಲಿ ಹೆಸರು ಕೇಳಿಸಬೇಕು. ಯಾರಿಗೆ? ಯಾರು ಕೂತ್ಕೊಂಡು ಕೇಳ್ತಾರೆ ಅದನ್ನ?… ಯಾರೂ ಇಲ್ವಾ. ಯಂತ್ರವೇ ಇಟ್ಕೊಳ್ಳುತ್ತೆ…"

"ಕೀಂ ಅಂದದ್ದು ಇದೇ ಫೋನು. ಚಾರ್ಜ್ ಮುಗೀತಾ ಬಂತು. ತಾಳು, ಇಡಬೇಡ…"

ಸತ್ತ ದಿನ ಗೋಡೆಗೆ ಮುಖ ಮಾಡಿ ಕೂತು ಹಾಡಿ ಅಳುವಾಗಲೂ ಅವಳು ಅವನನ್ನು ನನ್ನ ಬೆಟ್ಟವೇ ಎಂದಿದ್ದಳು, ಒಲೆಯ ಒಡೆಯನೇ ಎಂದಿದ್ದಳು. ಹೆಸರೆತ್ತಿರಲಿಲ್ಲ. ಮದುವೆ ದಾಖಲಿಸುವಾಗ ಅಧಿಕಾರಿ ಕೇಳಿದ್ದಕ್ಕೆ ಅವಳ ಅಣ್ಣ ಉತ್ತರ ಕೊಟ್ಟಿದ್ದ. ಅಕ್ಷರ ಕೂಡಿಸಿ ಮನಸ್ಸಿನೊಳಗೆ ಓದಿಕೊಂಡದ್ದುಂಟು, ಕಳ್ಳತನ ಮಾಡಿದ ಹಾಗೆ ಬೇಗ ಬೇಗ. ಅತ್ತ ದರಿ, ಇತ್ತ ಪುಲಿ. ನಾಳೆ ಲಾರಿ ಬಂದು ಆ ಕಪ್ಪು ಪೊಟ್ಟಣವನ್ನೂ ತೆಗೆದುಕೊಂಡು ಹೋಗುತ್ತದೆ.

"ಜುಮಾಲಿಯೆವ್ ಬಾಲ್ಟಾಬಾಯ್."

ಆಕಾಶವೇನೂ ಕಳಚಿ ಬೀಳಲಿಲ್ಲ. ಎಣ್ಣೆಯಲ್ಲಿದ್ದವು ಸೀದು ಕಪ್ಪಾದವು, ಅಷ್ಟೆ. ಎದೆ ಒಡೆಯುತ್ತದೆ ಎಂದುಕೊಂಡಿದ್ದಳು, ಅದೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದೇ ಅವಳಿಗೆ ಹೆದರಿಕೆಯಾಯಿತು.

"ಕೇಳಿಸ್ತಾ?… ಸರಿ ಇದೆಯಾ. ಇನ್ನೊಂದ್ಸಲ ಹೇಳು ಅನ್ನಬೇಡ…"

"ಹೂಂ, ನೋಡು, ನೋಡು… ಏನು?… ಏನಾಯ್ತು?…"

"ಅಂದ್ರೆ? ಕೊಂಡವರು ಅವರು, ತಗೊಳ್ಳೋರು ಬೇರೆ?… ಬೇರೆ ಯಾರಿಗೋ ಅಂತ ತರಿಸಿದ್ದಾ?…"

"ಯಾರಿಗೆ?… ಹೇಳೋ ಹಾಗಿಲ್ವಾ. ಅದೂ ಕಾನೂನಾ. ಹೂಂ… ಹೆಂಗಸಾ, ಗಂಡಸಾ, ಅಷ್ಟು ಹೇಳು… ಅಷ್ಟೇ ಕೇಳ್ತೀನಿ…"

"ಹೆಂಗಸು. ಸರಿ."

ಅವಳು ಒಲೆ ಆರಿಸಿ ಮಣೆಯ ಮೇಲೆ ಕೂತಳು. ಯಾರಿರಬಹುದು ಎಂದು ಯೋಚಿಸಲು ನೋಡಿದಳು. ಒಂದು ಮುಖವೂ ಹೊಳೆಯಲಿಲ್ಲ. ಎರಡು ಸಲ ಹೋಗಿ ಬಂತಾ ಎಂದು ಕೇಳಿದ್ದ, ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಬೆರಳುಗಳ ಸಂದಿಯ ಹಿಟ್ಟು ಒಣಗಿ ಬಿಗಿಯುತ್ತಿತ್ತು.

"ಬಿಡು ಮಗಳೇ. ಕಳಿಸಿಬಿಡು ವಾಪಸ್. ನನ್ನದಲ್ಲದ್ದು ನನಗ್ಯಾಕೆ. ಆ ಹೆಸರು ಮಾತ್ರ ಅಳಿಸೋಕಾಗುತ್ತಾ ನೋಡು, ನಾನು ಹೇಳಿದ್ದು… ಇಲ್ಲ, ಬೇಜಾರಿಲ್ಲ. ನನಗೆ ಏನೂ ಇಲ್ಲ…"

"ಹಾಂ? ನನ್ನದಾ? ನನ್ನ ಹೆಸರ್ಯಾಕೆ ಈಗ? ಇಷ್ಟು ಹೊತ್ತು ಅವರದ್ದನ್ನ ಕೇಳಿದ್ದಾಯ್ತಲ್ಲ…"

"ಕೇಳ್ತೀಯಾ, ಕೇಳು. ಸೂಸಾರ್… ಪೂರ್ತಿನಾ? ಓಸ್ಮೊನ್‌ಬೆಕ್ ಕಿಝಿ ಸೂಸಾರ್. ನಮ್ಮಪ್ಪ ಓಸ್ಮೊನ್‌ಬೆಕ್, ನಾನು ಅವರ ಮಗಳು…"

"ಹಾಂ?…"

"ಹಾಗೇ ಬರೆದಿದೆಯಾ? ಅಪ್ಪನ ಹೆಸರೂ ಸೇರಿಸಿ?… ಇಂಥವರ ಹೆಂಡತಿ ಅಂತಿಲ್ವಾ? ಮನೆಯವಳು ಅಂತ?… ಸರಿಯಾಗಿ ನೋಡು…"

"ಅವರೇನಾ ಬರೆದದ್ದು? ಅಂಗಡಿಯವರು ಹಾಕಿದ್ದಲ್ವಾ?… ಒಂದೊಂದೇ ಅಕ್ಷರ ಒತ್ತಬೇಕಾ. ಹೂಂ… ಅವರದ್ದು ದಪ್ಪ ಬೆರಳು. ಹೊತ್ತು ಹಿಡಿದಿರುತ್ತೆ…"

"ನನ್ನ ಪಾಸ್‌ಪೋರ್ಟ್ ಸಾಕಾ? ನನ್ನದೇ?… ಹಾಗಾದ್ರೆ ಆ ಹೆಸರು ಹೇಳೋದೇ ಬೇಕಿರಲಿಲ್ಲ. ಪಾಸ್‌ಪೋರ್ಟನ್ನ ಐಚೂರೋಕೂ ಕೇಳಲಿಲ್ಲ, ನೋಟರಿಯೂ ಕೇಳಲಿಲ್ಲ. ನಾನೂ ತಗೊಂಡು ಹೋಗಲಿಲ್ಲ ಅನ್ನು. ನನ್ನ ಹೆಸರಿಗೆ ಯಾವತ್ತಾದ್ರೂ ಏನಾದ್ರೂ ಬಂದಿದ್ರೆ ತಾನೇ ಹೊಳೆಯೋದು…"

"ಅಳ್ತಾ ಇಲ್ಲ. ಇದು ಎಣ್ಣೆ ಹೊಗೆ. ಬೋರ್ಸೋಕ್ ಸೀದುಹೋಯ್ತು…"

"ಏನಿದೆ ಅಂತ ಈಗ ಹೇಳಬಹುದಾ? ನನ್ನದೇ ಆದ್ರೆ ಕಾನೂನು ತಡೆಯಲ್ವಾ… ಬೇಡ, ಬೇಡ, ತಾಳು. ಹೇಳಬೇಡ. ನಾನೇ ಬಿಚ್ಚಿ ನೋಡ್ತೀನಿ. ಶುಕ್ರವಾರ ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ?… ಒಂಬತ್ತಕ್ಕಾ. ಎಂಟಕ್ಕೇ ಹೋಗಿ ಕೂತಿರ್ತೀನಿ…"

"ಮಗಳೇ, ಇನ್ನೊಂದು ಉಪಕಾರ ಮಾಡು. ಅಲ್ಲಿ ಬರೆದಿದೆಯಲ್ಲ, ತಗೊಳ್ಳೋರ ಹೆಸರು. ಅದನ್ನ ಓದು. ಅವರು ಬರೆದ ಹಾಗೇ ಓದು…"

"ಹೂಂ…"

"ಇನ್ನೊಂದ್ಸಲ…"

"ಹಲೋ… ಮಗಳೇ… ಹಲೋ… ಕೇಳಿಸ್ತಾ?…"