ಗೋಧಿ ಬಾದಾಮಿ

ಪಥ್ಯದ ತಿಂಡಿಯೂ ಸಿಗುವ ಆಸ್ಪತ್ರೆಯ ಔಷಧಿ ಅಂಗಡಿಯ ಮುಂದಿನ ಸಾಲು ಆಮೆಗಿಂತ ನಿಧಾನವಾಗಿತ್ತು. ಹೊಲಿಗೆ ಯಂತ್ರದ ಸೂಜಿಗೆ ಬೆರಳು ಕೊಟ್ಟುಕೊಂಡು ಬಂದಿದ್ದ ದರ್ಜಿಗೆ ಸಿಡಿಮಿಡಿ. ಅವನ ಮುಂದೆ ನಿಂತ ಅತ್ತಿಗೆ ನಾದಿನಿಯರ ಮಾತು ನಡೆದೇ ಇತ್ತು. ಕಿವಿ ಮುಚ್ಚಿಕೊಳ್ಳೋಣವೆಂದರೆ ಒಂದೇ ಕೈ ಸಾಲದು.

“ಮತ್ತೆ ಆ ಗೋಧಿ ಬಾದಾಮಿ ಯಾಕೆ ಅತ್ತಿಗೆ? ಬರೀ ಹಿಟ್ಟು, ಎಣ್ಣೆ, ಸೆಂಟು ಸೇರಿಸಿ ಮಾಡಿದ ನಕಲಿ ಬಾದಾಮಿ. ಅದ್ರಲ್ಲಿ ಏನು ಸತ್ವ ಇದೆ?”

“ಸತ್ವ ಇಲ್ಲ ಅಂತ್ಲೇ ಕೊಡ್ತಿದ್ದಿದ್ದು. ನಿಜವಾದ ಬಾದಾಮೀಲಿ ಪೊಟ್ಯಾಸಿಯಂ ಜಾಸ್ತಿ, ನಿಮ್ಮಣ್ಣನ ಕಿಡ್ನಿ ತಡ್ಕೊಳಲ್ಲ.”

“ಈಗ ಡಾಕ್ಟ್ರೇ ಪಥ್ಯ ಬೇಡ, ಕೇಳಿದ್ದು ಕೊಡಿ ಅಂದ್ರಲ್ಲ. ದೇವ್ರು ಕಣ್ಬಿಟ್ಟ ಅಂತ ನಾನು ಅರ್ಧ ಕೇಜಿ ನಿಜವಾದ್ದೇ ತಂದ್ಕೊಟ್ಟೆ.”

ಅತ್ತಿಗೆ ಕೈಯಲ್ಲಿದ್ದ ಔಷಧಿ ಚೀಟಿಯನ್ನು ಇನ್ನೊಮ್ಮೆ ಮಡಚಿದಳು.

“ಅಣ್ಣ ತಿಂದ್ನೋ ಇಲ್ವೋ?”

“ಒಂದು ತಿಂದ್ರು. ಕಣ್ಮುಚ್ಚಿ, ಚಪ್ಪರಿಸ್ಕೊಂಡು. ಆಮೇಲೆ ನನ್ನ ಮುಖ ನೋಡಿದ್ರು. ಇದನ್ನ ತಿನ್ನಬಹುದು ಅಂತ ಡಾಕ್ಟ್ರೇ ಹೇಳಿದ್ರಾ ಅಂತ ಕೇಳಿದ್ರು. ಹ್ಞೂ ಅಂದೆ. ಪೊಟ್ಟಣ ವಾಪಸ್ ನನ್ನ ಕೈಗೇ ಇಟ್ರು.”

“ಯಾಕಂತೆ?”

“‘ಬೇಡ ಕಣೇ, ಗೋಧೀದೇ ತಗೊಂಬಾ. ನಾನಿನ್ನೂ ಸ್ವಲ್ಪ ದಿನ ಪಥ್ಯ ಮಾಡ್ತೀನಿ’ ಅಂದ್ರು.”

ಅವರ ಸರದಿ ಬಂದಾಗ ಅಂಗಡಿಯವನಿಗೆ ನಾದಿನಿಯೇ ಹೇಳಿದಳು:

“ಗೋಧಿ ಬಾದಾಮಿ ಎರಡು ಪೊಟ್ಟಣ ಕೊಡಿ.”

ಅತ್ತಿಗೆ ಅವಳ ಮೊಣಕೈ ಹಿಡಿದಳು.

“ಒಂದು ಸಾಕು.”

ಇಬ್ಬರೂ ವಾರ್ಡಿನ ಕಡೆ ನಡೆದರು.